ಕಾರಣ ತಿಳಿಯದ ಬಾವು ಮತ್ತು ನಮ್ಮ ನಾಲಿಗೆ

ಜ್ವರದಲ್ಲಿ ಮಲಗಿದವನನ್ನು ನೋಡಲು ಹೋದಾಗ ನಾವು ಸಾಮಾನ್ಯವಾಗಿ ಎರಡು ಪ್ರಶ್ನೆಗಳನ್ನು ಕೇಳುತ್ತೇವೆ. ಯಾವ ಜ್ವರ? ಎಷ್ಟು ದಿನದಲ್ಲಿ ಗುಣವಾಗುತ್ತದಂತೆ? ಎರಡಕ್ಕೂ ಉತ್ತರ ಸಿಕ್ಕಿದರೆ ಕೇಳಿದವನಿಗೂ ನೆಮ್ಮದಿ, ಹೇಳಿದವನಿಗೂ ನೆಮ್ಮದಿ. ಆದರೆ ಈ ಎರಡು ಪ್ರಶ್ನೆಗಳಿಗೂ ಉತ್ತರವಿಲ್ಲದ ಒಂದು ಸ್ಥಿತಿಯಿದೆ. ಜ್ವರ ಬಿಟ್ಟು ತಿಂಗಳುಗಳಾಗಿವೆ. ರಕ್ತಪರೀಕ್ಷೆಯ ಕಾಗದದಲ್ಲಿ ದೋಷವೇನೂ ಕಾಣುವುದಿಲ್ಲ. ಆದರೂ ಕುತ್ತಿಗೆಯ ಪಕ್ಕದಲ್ಲಿ ಎದ್ದ ಬಾವು ಇಳಿಯುವುದಿಲ್ಲ, ಮೈಯ ಆಯಾಸ ಬಿಡುವುದಿಲ್ಲ. ವೈದ್ಯರು ಕೈಯಾಡಿಸಿ ನೋಡಿ, ವೈರಸ್ ಜ್ವರದ ನಂತರ ಕೆಲವರಿಗೆ ಹೀಗಾಗುವುದುಂಟು ಎನ್ನುತ್ತಾರೆ. ಏಕೆ ಎಂದು ಕೇಳಿದರೆ ಸುಮ್ಮನಾಗುತ್ತಾರೆ. ಇಂಥ ಸ್ಥಿತಿಯಲ್ಲಿ ರೋಗಿ ಹೇಗೆ ನಡೆದುಕೊಳ್ಳಬೇಕು? ಅವನ ಮನೆಯವರು, ನೆರೆಹೊರೆಯವರು, ಜಮಾಅತಿನವರು ಅವನ ಬಗ್ಗೆ ಏನನ್ನು ಹೇಳಬಹುದು, ಏನನ್ನು ಹೇಳಬಾರದು? ಈ ಪ್ರಶ್ನೆಯನ್ನು ಪೂರ್ತಿಯಾಗಿ ವೈದ್ಯರಿಗೆ ಬಿಟ್ಟುಕೊಟ್ಟು ನಾವು ಪಾರಾಗುವಂತಿಲ್ಲ. ಇದರಲ್ಲಿ ಬಹುಭಾಗ ನಮ್ಮ ನಾಲಿಗೆಗೆ ಸೇರಿದ್ದು.

ಮಳೆಗಾಲದ ಜ್ವರಗಳಿಗೆ ಕೊಡಗಿನವರು ಹೊಸಬರಲ್ಲ. 2006ರಲ್ಲಿ ಚಿಕೂನ್‌ಗುನ್ಯಾ ಕರ್ನಾಟಕದಾದ್ಯಂತ ಹಬ್ಬಿದಾಗ ರಾಜ್ಯದಲ್ಲಿ ಏಳು ಲಕ್ಷಕ್ಕೂ ಮಿಕ್ಕಿದ ಶಂಕಿತ ಪ್ರಕರಣಗಳು ದಾಖಲಾದವು. ಜ್ವರ ಕೆಲವೇ ದಿನಗಳಲ್ಲಿ ಬಿಟ್ಟರೂ ಕೀಲುನೋವು ಎಷ್ಟೋ ಮಂದಿಯನ್ನು ತಿಂಗಳುಗಟ್ಟಲೆ ಕಾಡಿತು. ಆಗ ಆ ನೋವನ್ನು ಯಾರೂ ಸುಳ್ಳೆನ್ನಲಿಲ್ಲ. ಅಣ್ಣನಿಗಿಲ್ಲದಿದ್ದರೆ ಅತ್ತಿಗೆಗೆ, ಅವರಿಗಿಲ್ಲದಿದ್ದರೆ ಪಕ್ಕದ ಮನೆಯವರಿಗೆ ಅದು ಇತ್ತು. ಎಲ್ಲರೂ ಕುಂಟುವಾಗ ಕುಂಟನಿಗೆ ಸಾಕ್ಷಿ ಬೇಕಾಗುವುದಿಲ್ಲ. 2020 ಮತ್ತು 2021ರ ಕೊರೋನಾದ ನಂತರ ಉಳಿದುಕೊಂಡ ತೊಂದರೆಗಳ ಕತೆ ಹಾಗಲ್ಲ. ಒಂದೇ ಮನೆಯಲ್ಲಿ ನಾಲ್ವರಿಗೆ ಸೋಂಕು ತಗಲಿ ಮೂವರು ಎರಡು ವಾರದಲ್ಲಿ ಎದ್ದು ಕೆಲಸಕ್ಕೆ ಹೋದರು. ನಾಲ್ಕನೆಯವಳು ವರ್ಷವಾದರೂ ಮೆಟ್ಟಿಲು ಹತ್ತಿ ಕುಳಿತುಬಿಡುತ್ತಾಳೆ. ಉಳಿದ ಮೂವರ ಆರೋಗ್ಯವೇ ಅವಳ ವಿರುದ್ಧದ ಸಾಕ್ಷಿಯಾಗಿಬಿಡುತ್ತದೆ. “ನಮಗೂ ಬಂದಿತ್ತಲ್ಲ, ನಾವು ಎದ್ದಿಲ್ಲವೇ?”

ನಾನು ಇದನ್ನು ದೂರ ನಿಂತು ಬರೆಯುತ್ತಿಲ್ಲ. 2021ರ ಮೇ ತಿಂಗಳ ಜ್ವರದ ನಂತರ ನನ್ನ ಎಡಗಿವಿಯ ಕೆಳಗೆ, ಕುತ್ತಿಗೆಯ ಬದಿಯಲ್ಲಿ, ಎರಡು ಗಂಟುಗಳು ಉಳಿದುಕೊಂಡವು. ಒಂದು ಹುಣಸೆ ಬೀಜದಷ್ಟು, ಇನ್ನೊಂದು ಅದಕ್ಕಿಂತ ಸ್ವಲ್ಪ ದೊಡ್ಡದು. ಒಂದು ತಿಂಗಳು ಕುಗ್ಗುತ್ತವೆ, ಮುಂದಿನ ತಿಂಗಳು ಮತ್ತೆ ಉಬ್ಬುತ್ತವೆ. ಉಬ್ಬಿದ ದಿನಗಳಲ್ಲಿ ಮಧ್ಯಾಹ್ನದ ಪಾಠಕ್ಕೆ ನಿಲ್ಲಲು ಕಾಲಿನಲ್ಲಿ ಬಲವಿರುವುದಿಲ್ಲ. ನಮಾಝಿನ ಕೊನೆಯಲ್ಲಿ ಸಲಾಂ ಹೇಳಿ ಬಲಕ್ಕೂ ಎಡಕ್ಕೂ ಮುಖ ತಿರುಗಿಸುವಾಗ ಚರ್ಮ ಎಳೆದು ಅವು ತಮ್ಮ ಇರುವಿಕೆಯನ್ನು ನೆನಪಿಸುತ್ತವೆ. ಸೂಜಿ ಚುಚ್ಚಿ ತೆಗೆದ ಮಾದರಿಯಲ್ಲಿ ಕ್ಷಯವಿಲ್ಲ, ಕ್ಯಾನ್ಸರ್ ಇಲ್ಲ ಎಂದು ಬಂದಿದೆ. ವರದಿಯಲ್ಲಿದ್ದ ಪದ ‘ರಿಯಾಕ್ಟಿವ್’. ಯಾವುದಕ್ಕೋ ಪ್ರತಿಕ್ರಿಯೆಯಾಗಿ ಗ್ರಂಥಿ ಊದಿಕೊಂಡಿದೆ ಎಂದು ಅದರ ಅರ್ಥ. ಯಾವುದಕ್ಕೆ ಎಂಬುದು ಆ ಕಾಗದದಲ್ಲಿಲ್ಲ.

ಮುಂದೆ ಹೋಗುವ ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಇಲ್ಲದಿದ್ದರೆ ಈ ಲೇಖನವನ್ನು ಓದಿ ಯಾರಾದರೂ ತಮ್ಮ ಕುತ್ತಿಗೆಯ ಗಂಟನ್ನು ಸುಮ್ಮನೆ ಬಿಟ್ಟುಕೊಂಡಾರು. ನಮ್ಮ ದೇಹದಲ್ಲಿ ರೋಗಾಣುಗಳನ್ನು ತಡೆದು ನಿಲ್ಲಿಸುವ ಸಣ್ಣ ಸಣ್ಣ ಗ್ರಂಥಿಗಳು ನೂರಾರಿವೆ. ದುಗ್ಧಗ್ರಂಥಿಗಳೆಂದು ಅವುಗಳ ಹೆಸರು. ಅವುಗಳಲ್ಲಿ ದೊಡ್ಡ ಪಾಲು ಕುತ್ತಿಗೆಯಲ್ಲೇ ಇದೆ. ಗಂಟಲು, ಹಲ್ಲು, ಕಿವಿ, ಮೂಗು ಎಲ್ಲಿ ಸೋಂಕು ತಗಲಿದರೂ ಅವು ಊದಿಕೊಳ್ಳುತ್ತವೆ. ಒಳಗೆ ಹೋರಾಟ ನಡೆದಿದೆ ಎಂಬುದರ ಗುರುತು ಅದು. ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಇಳಿಯುತ್ತವೆ. ನಾಲ್ಕಾರು ವಾರ ಕಳೆದರೂ ಇಳಿಯದಿದ್ದರೆ, ಬೆಳೆಯುತ್ತಾ ಹೋದರೆ, ಕಲ್ಲಿನಂತೆ ಗಟ್ಟಿಯಾಗಿ ಕದಲದಿದ್ದರೆ, ಭುಜದ ಎಲುಬಿನ ಮೇಲ್ಗಡೆ ಕಾಣಿಸಿಕೊಂಡರೆ, ಜೊತೆಗೆ ತೂಕ ಇಳಿಯುವುದು, ರಾತ್ರಿ ಬಟ್ಟೆ ಒದ್ದೆಯಾಗುವಷ್ಟು ಬೆವರುವುದು, ಬಿಡದ ಜ್ವರ ಇವುಗಳಲ್ಲಿ ಯಾವುದಿದ್ದರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು. ನಮ್ಮ ದೇಶದಲ್ಲಿ ಬಹುದಿನ ಉಳಿಯುವ ಕುತ್ತಿಗೆ ಗಂಟಿಗೆ ಕ್ಷಯವು ಒಂದು ದೊಡ್ಡ ಕಾರಣ. ಹಳಬರು ಗಂಡಮಾಲೆ ಎನ್ನುತ್ತಿದ್ದುದು ಬಹುಮಟ್ಟಿಗೆ ಇದನ್ನೇ. ಅದಕ್ಕೆ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತ ಔಷಧವಿದೆ. ಸಾಮಾನ್ಯವಾಗಿ ಆರು ತಿಂಗಳು ತಪ್ಪದೆ ತೆಗೆದುಕೊಂಡರೆ ಗುಣವಾಗುತ್ತದೆ. ಮಡಿಕೇರಿಯಲ್ಲಿ 2016ರಲ್ಲಿ ವೈದ್ಯಕೀಯ ಕಾಲೇಜು ಆರಂಭವಾದ ಮೇಲೆ ಜಿಲ್ಲೆಯವರಿಗೆ ಹಲವು ಪರೀಕ್ಷೆಗಳು ಹತ್ತಿರವಾಗಿವೆ. ಇನ್ನೂ ಕೆಲವಕ್ಕೆ ಮೈಸೂರಿಗೋ ಮಂಗಳೂರಿಗೋ ಬಸ್ಸು ಹತ್ತಬೇಕು. ಹತ್ತಬೇಕಾದಾಗ ಹತ್ತಲೇಬೇಕು. ಪರೀಕ್ಷೆ ಮಾಡಿಸದೆ ಕಾರಣ ತಿಳಿಯುತ್ತಿಲ್ಲ ಎನ್ನುವುದು ಬರೀ ಉದಾಸೀನ. ನಾನು ಹೇಳಲಿರುವುದು ಮಾಡಬೇಕಾದ್ದನ್ನೆಲ್ಲ ಮಾಡಿದ ಮೇಲೂ ಉಳಿಯುವ ಅಜ್ಞಾನದ ಬಗ್ಗೆ.

ಆ ಅಜ್ಞಾನ ಬಹಳ ಹೊತ್ತು ಖಾಲಿಯಾಗಿ ಉಳಿಯುವುದಿಲ್ಲ. ಖಾಲಿ ಬಿದ್ದ ಮನೆಯೊಳಗೆ ಹಾವು ಚೇಳು ಸೇರುವಂತೆ ಕಾರಣವಿಲ್ಲದ ಕಾಯಿಲೆಯೊಳಗೆ ಊರಿನ ಕಾರಣಗಳೆಲ್ಲ ಬಂದು ಸೇರುತ್ತವೆ. ಯಾರದೋ ಕಣ್ಣು ತಗಲಿದೆ. ಯಾರೋ ಏನೋ ಮಾಡಿಸಿದ್ದಾರೆ. ಮದುವೆಯಲ್ಲಿ ತಿಂದದ್ದು ಸರಿಯಾಗಿಲ್ಲ. ಲಸಿಕೆ ಹಾಕಿಸಿಕೊಂಡದ್ದೇ ತಪ್ಪು ಎಂದು ಒಬ್ಬರು, ಸಮಯಕ್ಕೆ ಹಾಕಿಸಿಕೊಳ್ಳದ್ದು ತಪ್ಪು ಎಂದು ಇನ್ನೊಬ್ಬರು. ಕೊನೆಗೆ ಧ್ವನಿ ತಗ್ಗಿಸಿ ಹೇಳುವ ಎರಡು ಮಾತುಗಳಿವೆ. ಒಂದು, ಅಲ್ಲಾಹನು ಸುಮ್ಮಸುಮ್ಮನೆ ಕೊಡುತ್ತಾನೆಯೇ, ಏನೋ ಪಾಪವಿರಬೇಕು. ಇನ್ನೊಂದು, ಏನೂ ಇಲ್ಲ, ಕೆಲಸ ಮಾಡಲು ಸೋಮಾರಿತನ. ಮೊದಲಿನದು ರೋಗಿಯ ದೀನನ್ನು ತೆಗೆಯುತ್ತದೆ, ಎರಡನೆಯದು ಅವನ ಮಾನವನ್ನು.

ಪಾಪದ ಮಾತನ್ನು ಮೊದಲು ನೋಡೋಣ, ಏಕೆಂದರೆ ಅದು ಧರ್ಮದ ವೇಷ ತೊಟ್ಟು ಬರುತ್ತದೆ. ವಿಶ್ವಾಸಿಗೆ ತಗಲುವ ನೋವು, ಕಾಲಿಗೆ ಚುಚ್ಚಿದ ಮುಳ್ಳಿನವರೆಗೆ, ಅವನ ಪಾಪಗಳನ್ನು ಅಳಿಸುತ್ತದೆ ಎಂದು ಪ್ರವಾದಿ(ಸ)ಯವರು ಕಲಿಸಿದ್ದಾರೆ. ಮದ್ರಸದ ಸಣ್ಣ ಮಕ್ಕಳಿಗೂ ಇದು ಗೊತ್ತು. ಆದರೆ ನಾವು ಈ ಮಾತನ್ನು ತಲೆಕೆಳಗು ಮಾಡಿ ಹಿಡಿದುಕೊಂಡಿದ್ದೇವೆ. ನೋವು ಪಾಪವನ್ನು ಅಳಿಸುತ್ತದೆ ಎಂಬುದರಿಂದ ನೋವಿಗೆ ಪಾಪವೇ ಕಾರಣ ಎಂಬ ತೀರ್ಮಾನಕ್ಕೆ ಬಂದುಬಿಡುತ್ತೇವೆ. ಮಳೆ ಬಂದರೆ ಅಂಗಳದ ಕಸ ಕೊಚ್ಚಿ ಹೋಗುತ್ತದೆ; ಅದರಿಂದ ಅಂಗಳದಲ್ಲಿ ಕಸವಿದ್ದುದರಿಂದಲೇ ಮಳೆ ಬಂತು ಎನ್ನಲಾದೀತೇ? ಮೊದಲನೆಯದು ರೋಗಿಯ ಕಿವಿಯಲ್ಲಿ ಹೇಳುವ ಸಾಂತ್ವನ. ಎರಡನೆಯದು ಅವನ ಮೇಲೆ ಹೊರಿಸುವ ಆರೋಪ, ಅದೂ ಸಾಕ್ಷಿಯಿಲ್ಲದ ಆರೋಪ. ಸ್ವತಃ ಪ್ರವಾದಿ(ಸ)ಯವರಿಗೆ ಜ್ವರ ಬಂದಾಗ ಅದು ಇಬ್ಬರಿಗೆ ಬರುವಷ್ಟು ತೀವ್ರವಾಗಿರುತ್ತಿತ್ತು ಎಂಬುದು ಇಬ್ನು ಮಸ್ಊದ್(ರ)ರ ವರದಿಯಿಂದ ತಿಳಿಯುತ್ತದೆ. ಕಾಯಿಲೆಯ ತೂಕದಿಂದ ಪಾಪದ ತೂಕವನ್ನು ಅಳೆಯಹೊರಟವನು ಈ ವರದಿಯ ಮುಂದೆ ಏನು ಹೇಳುತ್ತಾನೆ?

ಪ್ರವಾದಿ ಅಯ್ಯೂಬ್(ಅ)ರ ವೃತ್ತಾಂತದಲ್ಲಿ ನಾವು ಸಾಕಷ್ಟು ಗಮನಿಸದ ಒಂದು ವಿಷಯವಿದೆ. ಅವರಿಗೆ ಬಂದ ಕಾಯಿಲೆ ಯಾವುದೆಂದು ಕುರ್‌ಆನ್ ಹೇಳುವುದಿಲ್ಲ. ಸಂಕಟ ತಟ್ಟಿತು ಎನ್ನುತ್ತದೆ, ಪ್ರಾರ್ಥಿಸಿದರು ಎನ್ನುತ್ತದೆ, ಸಂಕಟ ನೀಗಿತು ಎನ್ನುತ್ತದೆ. ರೋಗದ ಹೆಸರಿಲ್ಲ, ಲಕ್ಷಣಗಳ ಪಟ್ಟಿಯಿಲ್ಲ. ಆದರೆ ಕತೆಗಾರರಿಗೆ ಇಷ್ಟು ಸಾಲಲಿಲ್ಲ. ಮೈತುಂಬ ಹುಳು ಬಿದ್ದವು, ಊರಾಚೆಯ ಕಸದ ರಾಶಿಯ ಮೇಲೆ ಎಸೆದರು ಎಂದೆಲ್ಲ ಕತೆ ಕಟ್ಟಿದರು. ಜನರು ಅಸಹ್ಯಪಟ್ಟು ದೂರವಾಗುವಂಥ ರೋಗ ಪ್ರವಾದಿಗಳಿಗೆ ಬರಲಾರದು ಎಂದು ವಿದ್ವಾಂಸರು ಈ ಕತೆಗಳನ್ನು ತಿರಸ್ಕರಿಸಿದ್ದಾರೆ. ಆದರೂ ರಾತ್ರಿ ಪ್ರಸಂಗಗಳಲ್ಲಿ ಜನ ಕಣ್ಣರಳಿಸಿ ಕೇಳುವುದು ಹುಳುಗಳ ಕತೆಯನ್ನೇ. ಕುರ್‌ಆನ್ ಖಾಲಿ ಬಿಟ್ಟ ಜಾಗವನ್ನೂ ತುಂಬದೆ ಇರಲಾರದವರು ನಾವು. ಇನ್ನು ಪಕ್ಕದ ಮನೆಯ ಹೆಂಗಸಿನ ಕುತ್ತಿಗೆ ಗಂಟನ್ನು ಬಿಟ್ಟೇವೆಯೇ? ಬೈಬಲಿನಲ್ಲಿ ಇದೇ ಪ್ರವಾದಿಯನ್ನು ಯೋಬನೆಂದು ಕರೆದಿದೆ. ಅಲ್ಲಿ ಅವರನ್ನು ನೋಡಲು ಬಂದ ಗೆಳೆಯರು ಮೊದಲು ಏಳು ದಿನ ಮಾತಿಲ್ಲದೆ ಜೊತೆಗೆ ಕುಳಿತರೆಂದಿದೆ. ಬಾಯಿ ತೆರೆದ ಮೇಲೆ ಅವರು ಹೇಳಿದ್ದು ನೀನು ಪಾಪ ಮಾಡಿರಬೇಕು ಎಂಬ ಮಾತನ್ನೇ. ಆ ಗೆಳೆಯರು ರೋಗಿಗೆ ನಿಜವಾಗಿ ಉಪಕಾರ ಮಾಡಿದ್ದು ಮೊದಲ ಏಳು ದಿನ ಮಾತ್ರ ಎಂದು ನನಗೆ ಅನಿಸುತ್ತದೆ.

ಇದೇ ವೃತ್ತಾಂತದಲ್ಲಿ ಇನ್ನೊಂದು ವಿಷಯವೂ ಇದೆ. ಅಯ್ಯೂಬ್(ಅ)ರು ತಮಗೆ ಸಂಕಟವಾಗಿದೆ ಎಂದು ಅಲ್ಲಾಹನೊಡನೆ ತೋಡಿಕೊಂಡರು. ಹಾಗೆ ತೋಡಿಕೊಂಡವರನ್ನೇ ಅಲ್ಲಾಹನು ಸಹನಶೀಲರೆಂದು ಹೊಗಳಿದ್ದಾನೆ. ಯಅ್‌ಕೂಬ್(ಅ)ರು ಮಗನಿಗಾಗಿ ಅತ್ತು ಅತ್ತು ಕಣ್ಣು ಬೆಳ್ಳಗಾದವರು. ಅವರದೂ ಸಹನೆಯೇ. ಆದ್ದರಿಂದ ‘ಸಬ್ರ್ ಮಾಡು’ ಎಂದು ಹೇಳಿ ರೋಗಿಯ ಬಾಯಿ ಮುಚ್ಚಿಸುವವರು ಆ ಪದವನ್ನು ತಮ್ಮ ಅನುಕೂಲಕ್ಕೆ ಬಳಸುತ್ತಿದ್ದಾರೆ. ಬಹಳಷ್ಟು ಸಲ ಅದರ ಅರ್ಥ ‘ನನಗೆ ಕೇಳಲು ಪುರಸೊತ್ತಿಲ್ಲ’ ಎಂದಷ್ಟೇ ಆಗಿರುತ್ತದೆ.

ಎರಡನೆಯ ಮಾತು ಸೋಮಾರಿತನದ್ದು. ಇದನ್ನು ಓದದವರು ಮಾತ್ರ ಹೇಳುತ್ತಾರೆಂದು ಭಾವಿಸಬಾರದು. 1955ರ ಜುಲೈಯಲ್ಲಿ ಲಂಡನಿನ ರಾಯಲ್ ಫ್ರೀ ಎಂಬ ಆಸ್ಪತ್ರೆಯಲ್ಲಿ ಒಂದು ವಿಚಿತ್ರ ಕಾಯಿಲೆ ಹಬ್ಬಿತು. ನವೆಂಬರ್ ಹೊತ್ತಿಗೆ ಅಲ್ಲಿನ ಸಿಬ್ಬಂದಿಯಲ್ಲಿ 292 ಮಂದಿ ಅದಕ್ಕೆ ತುತ್ತಾಗಿದ್ದರು. ಹೆಚ್ಚಿನವರು ದಾದಿಯರು. ಗಂಟಲು ನೋವು, ತಲೆನೋವು, ಕುತ್ತಿಗೆಯ ಗ್ರಂಥಿಗಳ ಬಾವು, ಕೈಕಾಲುಗಳ ಬಲಹೀನತೆ, ವಿಪರೀತ ಆಯಾಸ. ಆಸ್ಪತ್ರೆಯನ್ನೇ ಎರಡು ತಿಂಗಳಿಗೂ ಹೆಚ್ಚು ಕಾಲ ಮುಚ್ಚಬೇಕಾಯಿತು. ಯಾವ ರೋಗಾಣುವೂ ಸಿಗಲಿಲ್ಲ. ಕೆಲವರು ಗುಣವಾದರು, ಕೆಲವರು ವರ್ಷಗಟ್ಟಲೆ ನರಳಿದರು. ಹದಿನೈದು ವರ್ಷಗಳ ನಂತರ, 1970ರಲ್ಲಿ, ಇಬ್ಬರು ಮನೋವೈದ್ಯರು ಹಳೆಯ ದಾಖಲೆಗಳನ್ನು ಓದಿ, ಇದು ಸಾಮೂಹಿಕ ಉನ್ಮಾದ ಎಂದು ಬ್ರಿಟನ್ನಿನ ಪ್ರಸಿದ್ಧ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ತುತ್ತಾದವರಲ್ಲಿ ಹೆಂಗಸರೇ ಹೆಚ್ಚು ಎಂಬುದು ಅವರ ಮುಖ್ಯ ಆಧಾರಗಳಲ್ಲೊಂದು. ದಾದಿಯರ ನಡುವೆ ಹಬ್ಬಿದ ಕಾಯಿಲೆ ಹೆಂಗಸರಲ್ಲಿ ಹೆಚ್ಚು ಕಾಣದೆ ಇನ್ನೆಲ್ಲಿ ಕಂಡೀತು? ರೋಗಿಗಳನ್ನು ಎದುರಿಗೆ ಕೂರಿಸಿಕೊಂಡು ಪರೀಕ್ಷಿಸದೆ ಕೊಟ್ಟ ಈ ತೀರ್ಪು ಮುಂದೆ ದಶಕಗಳ ಕಾಲ ಇಂಥ ರೋಗಿಗಳ ಬೆನ್ನು ಬಿಡಲಿಲ್ಲ. ಎದ್ದು ಓಡಾಡಿ, ದಿನದಿನವೂ ಸ್ವಲ್ಪಸ್ವಲ್ಪ ವ್ಯಾಯಾಮ ಹೆಚ್ಚಿಸಿ ಎಂಬ ಸಲಹೆ ಬಹುಕಾಲ ನಡೆಯಿತು. ಈ ಬಗೆಯ ದೀರ್ಘ ಆಯಾಸದ ರೋಗಿಗಳಿಗೆ ಹಾಗೆ ನಿಗದಿಯಂತೆ ಹೆಚ್ಚಿಸುವ ವ್ಯಾಯಾಮವನ್ನು ಕೊಡಬಾರದು ಎಂದು ಬ್ರಿಟನ್ನಿನ ಆರೋಗ್ಯ ಮಾರ್ಗದರ್ಶಿ ಸಂಸ್ಥೆ ಹೇಳಿದ್ದು 2021ರ ಅಕ್ಟೋಬರಿನಲ್ಲಿ. ಸೋಮಾರಿಗಳೆಂದು ತಳ್ಳಿ ಎಬ್ಬಿಸಿದವರಲ್ಲಿ ಎಷ್ಟೋ ಮಂದಿ, ಅದರಿಂದ ತಮ್ಮ ಕಾಯಿಲೆ ಉಲ್ಬಣಿಸಿತು ಎಂದು ಅಷ್ಟರವರೆಗೂ ಹೇಳುತ್ತಲೇ ಬಂದಿದ್ದರು.

ಇಲ್ಲಿ ಒಂದು ಸೂಕ್ಷ್ಮವಿದೆ. ‘ಏನೂ ಇಲ್ಲ’ ಎಂಬುದೂ ‘ಏನೆಂದು ಗೊತ್ತಿಲ್ಲ’ ಎಂಬುದೂ ಒಂದೇ ಅಲ್ಲ. ಪರೀಕ್ಷೆಯಲ್ಲಿ ಏನೂ ಸಿಗದಿದ್ದರೆ, ಸಿಗಲಿಲ್ಲ ಎಂಬುದು ನಮ್ಮ ಬಲೆಯ ಬಗ್ಗೆ ಹೇಳಿದ ಮಾತು. ಹೊಳೆಯಲ್ಲಿ ಮೀನಿಲ್ಲ ಎಂಬುದು ಹೊಳೆಯ ಬಗ್ಗೆ ಹೇಳಿದ ಮಾತು. ನಮ್ಮ ಬಲೆಯ ಕಣ್ಣು ದೊಡ್ಡದಿರಬಹುದಲ್ಲ? ನಮ್ಮ ರಾಜ್ಯದ್ದೇ ಉದಾಹರಣೆ ತೆಗೆದುಕೊಳ್ಳಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನ ಆಸುಪಾಸಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಕಾಡಿಗೆ ಹೋಗಿ ಬಂದವರು ಜ್ವರದಿಂದ ಮಲಗಿದರು. ತಜ್ಞರಿಗೇ ಮೊದಲು ಇದು ಹಳದಿ ಜ್ವರವಿರಬಹುದೇ ಎಂಬ ಸಂಶಯವಿತ್ತು. ಆಮೇಲೆ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಹೊಸ ವೈರಸ್ಸೊಂದನ್ನು ಪತ್ತೆಹಚ್ಚಿದರು. ಕಾಡಿನ ಹೆಸರನ್ನೇ ಕಾಯಿಲೆಗೆ ಇಟ್ಟರು. ನಾವು ಮಂಗನ ಕಾಯಿಲೆ ಎನ್ನುತ್ತೇವೆ. ಅದರಲ್ಲೂ ಕುತ್ತಿಗೆಯ ಗ್ರಂಥಿಗಳು ಊದಿಕೊಳ್ಳುವುದುಂಟು, ಜ್ವರ ಬಿಟ್ಟ ಮೇಲೂ ನಿಶ್ಶಕ್ತಿ ವಾರಗಟ್ಟಲೆ ಉಳಿಯುವುದುಂಟು. ವೈರಸ್ ಸಿಗುವುದಕ್ಕೆ ಮೊದಲೇ ಆ ಜ್ವರದಿಂದ ಸತ್ತವರು ‘ಏನೂ ಇಲ್ಲದೆ’ ಸತ್ತವರೇ?

ಹೆಸರು ಸಿಕ್ಕಿದ ಮಾತ್ರಕ್ಕೆ ಕಾರಣ ಸಿಕ್ಕಂತೆಯೂ ಅಲ್ಲ. 1972ರಲ್ಲಿ ಜಪಾನಿನ ಕಿಕುಚಿ ಮತ್ತು ಫುಜಿಮೊಟೊ ಎಂಬ ವೈದ್ಯರು, ಒಬ್ಬರಿಗೊಬ್ಬರು ಸಂಬಂಧವಿಲ್ಲದೆ, ಕುತ್ತಿಗೆಯ ಗ್ರಂಥಿಗಳು ಊದಿಕೊಳ್ಳುವ ಒಂದು ಕಾಯಿಲೆಯನ್ನು ವರ್ಣಿಸಿದರು. ಏಷ್ಯಾದವರಲ್ಲಿ, ವಿಶೇಷವಾಗಿ ಯುವತಿಯರಲ್ಲಿ ಇದು ಹೆಚ್ಚು. ಬಹುತೇಕ ಕೆಲವು ತಿಂಗಳಲ್ಲಿ ತಾನಾಗಿ ಗುಣವಾಗುತ್ತದೆ. ಯಾವುದೋ ವೈರಸ್ ಇದನ್ನು ಹುಟ್ಟಿಸುತ್ತಿರಬಹುದೆಂಬ ಊಹೆ ಇದೆ. ಅರ್ಧ ಶತಮಾನ ಕಳೆದರೂ ಅದು ಊಹೆಯಾಗಿಯೇ ಉಳಿದಿದೆ. ಕೊರೋನಾದ ನಂತರ ಉಳಿಯುವ ತೊಂದರೆಗಳಿಗೆ ವಿಶ್ವ ಆರೋಗ್ಯ ಸಂಸ್ಥೆ 2021ರ ಅಕ್ಟೋಬರಿನಲ್ಲಿ ಒಂದು ವ್ಯಾಖ್ಯೆ ಕೊಟ್ಟಿತು. ಸೋಂಕು ತಗಲಿ ಸಾಮಾನ್ಯವಾಗಿ ಮೂರು ತಿಂಗಳಾದ ಮೇಲೆ ಕಾಣುವ, ಕನಿಷ್ಠ ಎರಡು ತಿಂಗಳು ಇರುವ, ಬೇರೆ ಯಾವ ರೋಗದಿಂದಲೂ ವಿವರಿಸಲಾಗದ ಲಕ್ಷಣಗಳು ಎಂದು ಅದರ ಸಾರ. ಕೊನೆಯ ಮಾತನ್ನು ಗಮನಿಸಬೇಕು. ವಿವರಿಸಲಾಗದ್ದು ಎಂಬುದೇ ಆ ವ್ಯಾಖ್ಯೆಯ ಒಂದು ಭಾಗ. ಅಷ್ಟು ದೊಡ್ಡ ಸಂಸ್ಥೆಗೆ ಹೀಗೆ ಬರೆಯಲು ನಾಚಿಕೆಯಾಗಲಿಲ್ಲ. ನಮಗೆ ಮಾತ್ರ, ಅಂಗಡಿ ಜಗಲಿಯಲ್ಲಿ ಕುಳಿತು, ‘ನನಗೆ ಗೊತ್ತಿಲ್ಲ’ ಎನ್ನಲು ನಾಲಿಗೆ ಏಳುವುದಿಲ್ಲ.

ನಮ್ಮ ವಿದ್ವಾಂಸರ ಪರಂಪರೆಯಲ್ಲಿ ಈ ಮಾತಿಗೆ ಎಷ್ಟು ಗೌರವವಿತ್ತು! ಇಮಾಮ್ ಮಾಲಿಕ್(ರ)ರಲ್ಲಿ ನಲವತ್ತೆಂಟು ಪ್ರಶ್ನೆಗಳನ್ನು ಕೇಳಲಾಯಿತು, ಅವುಗಳಲ್ಲಿ ಮೂವತ್ತೆರಡಕ್ಕೆ ಅವರು ‘ಲಾ ಅದ್ರೀ’, ನನಗೆ ಗೊತ್ತಿಲ್ಲ ಎಂದರು ಎಂಬ ವರದಿ ಪ್ರಸಿದ್ಧವಾಗಿದೆ. ಮದೀನಾದ ಮಹಾನ್ ವಿದ್ವಾಂಸರ ಘನತೆ ಇದರಿಂದ ಕುಂದಲಿಲ್ಲ. ಅವರು ಹೇಳಿದ ಉಳಿದ ಹದಿನಾರು ಉತ್ತರಗಳನ್ನು ಜನ ನಂಬಲು ಆ ಮೂವತ್ತೆರಡೇ ಕಾರಣ ಎಂದು ನನ್ನ ಅಭಿಪ್ರಾಯ. ವೈದ್ಯರಲ್ಲೂ ಹೀಗೆಯೇ. ನನ್ನನ್ನು ಪರೀಕ್ಷಿಸಿದ ಒಬ್ಬ ವೈದ್ಯರು ಕಾಗದಗಳನ್ನು ಮೇಜಿನ ಮೇಲಿಟ್ಟು, “ಮೇಷ್ಟ್ರೇ, ಭಯಪಡಬೇಕಾದ್ದು ಯಾವುದೂ ಇಲ್ಲ ಎಂದು ಹೇಳಬಲ್ಲೆ. ಇದು ಏನು ಎಂದು ಹೇಳಲಾರೆ. ಮೂರು ತಿಂಗಳಿಗೊಮ್ಮೆ ಬಂದು ತೋರಿಸಿ” ಎಂದರು. ಅಂದು ಮನೆಗೆ ಬಂದು ಚೆನ್ನಾಗಿ ನಿದ್ದೆ ಮಾಡಿದೆ. ಅವರಿಗಿಂತ ಮೊದಲು ನೋಡಿದ ಇನ್ನೊಬ್ಬರು, ಹೆಸರು ಬೇಡ, “ಏನೂ ಇಲ್ಲ, ಮನಸ್ಸಿನ ಕಲ್ಪನೆ” ಎಂದಿದ್ದರು. ಅಂದು ಇಡೀ ರಾತ್ರಿ ಎಚ್ಚರವಿದ್ದೆ. ಮನಸ್ಸಿನಲ್ಲಿದ್ದರೆ ಬೆರಳಿಗೆ ಹೇಗೆ ಸಿಗುತ್ತದೆ?

ಇಸ್ಲಾಮಿನ ಶಾಸನವು ರೋಗಿಯೊಡನೆ ಹೇಗೆ ವರ್ತಿಸುತ್ತದೆ ಎಂಬುದನ್ನು ನೋಡಿದರೆ ನಮ್ಮ ವರ್ತನೆ ಎಷ್ಟು ಕಠಿಣವೆಂದು ತಿಳಿಯುತ್ತದೆ. ಸಹಾಬಿ ಇಮ್ರಾನ್ ಬಿನ್ ಹುಸೈನ್(ರ)ರು ಕಾಯಿಲೆಯವರು. ನಮಾಝ್ ಹೇಗೆ ನಿರ್ವಹಿಸಲಿ ಎಂದು ಅವರು ಕೇಳಿದಾಗ ಪ್ರವಾದಿ(ಸ)ಯವರು, ನಿಂತು ಮಾಡುವಂತೆ, ಆಗದಿದ್ದರೆ ಕುಳಿತು, ಅದೂ ಆಗದಿದ್ದರೆ ಮಗ್ಗುಲಾಗಿ ಮಲಗಿ ಮಾಡುವಂತೆ ತಿಳಿಸಿದರು. ಆಗುತ್ತದೆಯೋ ಇಲ್ಲವೋ ಎಂದು ನಿರ್ಧರಿಸುವವರು ಯಾರು? ಇಮ್ರಾನ್(ರ)ರೇ. ರಮಝಾನಿನಲ್ಲಿ ರೋಗಿಗೆ ಉಪವಾಸವನ್ನು ಮುಂದಕ್ಕೆ ಹಾಕುವ ರಿಯಾಯಿತಿಯಿದೆ. ಉಪವಾಸದಿಂದ ಕಾಯಿಲೆ ಹೆಚ್ಚುತ್ತದೆ ಎಂದು ತನ್ನ ಅನುಭವದಿಂದಲೋ ವಿಶ್ವಾಸಾರ್ಹ ವೈದ್ಯರ ಮಾತಿನಿಂದಲೋ ತಿಳಿದರೆ ಸಾಕು. ರೋಗದ ಹೆಸರು ಹೇಳು, ಅದರ ಮೂಲ ತೋರಿಸು ಎಂಬ ಶರತ್ತನ್ನು ಫಿಕ್‌ಹ್ ಗ್ರಂಥಗಳು ಹಾಕಿಲ್ಲ. ಅಲ್ಲಾಹನ ಹಕ್ಕಿನ ವಿಷಯದಲ್ಲೇ ರೋಗಿಯ ಮಾತಿಗೆ ಇಷ್ಟು ಬೆಲೆಯಿರುವಾಗ ಅಡುಗೆಮನೆಯ ವಿಷಯದಲ್ಲಿ ಸೊಸೆಯ ಮಾತಿಗೆ ಬೆಲೆಯಿಲ್ಲವೆಂದರೆ ಅದು ಎಲ್ಲಿಯ ನ್ಯಾಯ?

ಸುಳ್ಳು ಹೇಳಿ ರಜೆ ಹಾಕುವವರು ಇಲ್ಲವೇ ಎಂದು ಕೇಳಬಹುದು. ಇದ್ದಾರೆ. ಅವರ ಲೆಕ್ಕ ಅಲ್ಲಾಹನಲ್ಲಿದೆ. ಹತ್ತು ಮಂದಿಯಲ್ಲಿ ಒಬ್ಬನ ಸುಳ್ಳನ್ನು ನಂಬಿ ಮೋಸ ಹೋದರೆ ನಮಗೆ ಒಂದು ದಿನದ ಕೆಲಸದ ನಷ್ಟ. ಉಳಿದ ಒಂಬತ್ತು ಮಂದಿಯ ಸತ್ಯವನ್ನು ಸುಳ್ಳೆಂದರೆ ಆಗುವ ನಷ್ಟ ಬೇರೆಯದೇ. ಕಾಫಿ ತೋಟದ ಲೈನ್ ಮನೆಗಳಲ್ಲಿ ವಾಸಿಸುವವರ ಪಾಲಿಗೆ ಇದು ಅನ್ನದ ಪ್ರಶ್ನೆ. ಕೊಯ್ಲಿನ ತಿಂಗಳುಗಳಲ್ಲಿ ಕೊಯ್ದ ಹಣ್ಣಿನ ತೂಕದ ಮೇಲೆ ಕೂಲಿ. ಕುತ್ತಿಗೆಗೆ ಶಾಲು ಸುತ್ತಿಕೊಂಡು ಹೋಗಿ ಮಧ್ಯಾಹ್ನಕ್ಕೆ ಕುಸಿದು ಕೂರುವವಳ ಚೀಲ ಅರ್ಧವೂ ತುಂಬಿರುವುದಿಲ್ಲ. 1951ರ ತೋಟ ಕಾರ್ಮಿಕರ ಕಾಯಿದೆಯು ಕಾಯಿಲೆ ಭತ್ಯೆಗೆ ಅವಕಾಶ ಮಾಡಿತ್ತು, ಆದರೆ ಅದಕ್ಕೂ ವೈದ್ಯರ ಪ್ರಮಾಣಪತ್ರ ಬೇಕಿತ್ತು. ಹೆಸರಿಲ್ಲದ ಕಾಯಿಲೆಗೆ ಪ್ರಮಾಣಪತ್ರ ಬರೆಸಿಕೊಳ್ಳುವುದು ಸುಲಭವಲ್ಲ. ದಿನಗೂಲಿಗೆ ಬಂದವಳಿಗೆ ಅದನ್ನು ಕೇಳುವ ಜಾಗವೂ ಇಲ್ಲ. ಝಕಾತಿನ ಪಟ್ಟಿ ತಯಾರಿಸುವ ಜಮಾಅತಿನ ಹಿರಿಯರು, ಕಾಲು ಮುರಿದವರನ್ನೂ ಕ್ಯಾನ್ಸರಿನವರನ್ನೂ ಬರೆದುಕೊಂಡ ಮೇಲೆ, ಇಂಥ ಮನೆಗಳ ಬಾಗಿಲನ್ನೂ ತಟ್ಟಬೇಕು.

ಇನ್ನು ರೋಗಿಯ ಕರ್ತವ್ಯದ ಮಾತು. ಊರವರು ಮಾತ್ರ ಖಾಲಿ ಜಾಗವನ್ನು ತುಂಬುತ್ತಾರೆಂದು ನಾನು ಹೇಳಿದರೆ ಅನ್ಯಾಯವಾದೀತು. ರೋಗಿಯೂ ತುಂಬುತ್ತಾನೆ, ಭಯದಿಂದ. ಬೆರಳು ದಿನಕ್ಕೆ ನೂರು ಸಲ ಕುತ್ತಿಗೆಗೆ ಹೋಗುತ್ತದೆ. ಬೆಳಿಗ್ಗೆಗಿಂತ ಸಂಜೆ ದೊಡ್ಡದಾಗಿದೆಯೇ? ಒತ್ತಿ ಒತ್ತಿ ನೋಡಿದರೆ ಗಂಟು ನೋಯದೆ ಇನ್ನೇನಾದೀತು? ಆ ನೋವೇ ಮತ್ತೊಂದು ಭಯಕ್ಕೆ ಕಾರಣವಾಗುತ್ತದೆ. ಮದ್ರಸದ ಒಬ್ಬ ಹುಡುಗ, “ಉಸ್ತಾದರೇ, ನೀವು ಯಾವಾಗಲೂ ಕುತ್ತಿಗೆ ಹಿಡಿದುಕೊಳ್ಳುತ್ತೀರಿ ಏಕೆ?” ಎಂದು ಕೇಳಿದ ಮೇಲೆ ನಾನು ವಾರಕ್ಕೊಮ್ಮೆ, ಶುಕ್ರವಾರ ಸ್ನಾನದ ಹೊತ್ತಿಗೆ ಮಾತ್ರ ಮುಟ್ಟಿ ನೋಡುವುದೆಂದು ನಿಯಮ ಮಾಡಿಕೊಂಡೆ. ಕೆಲವರು ಒಬ್ಬ ವೈದ್ಯರಿಂದ ಇನ್ನೊಬ್ಬರಿಗೆ, ಅಲ್ಲಿಂದ ಮತ್ತೊಬ್ಬರಿಗೆ ಅಲೆದು, ಅದೇ ಸ್ಕ್ಯಾನನ್ನು ಮೂರು ಕಡೆ ಮಾಡಿಸಿ, ಮಗಳ ಮದುವೆಗೆಂದು ಇಟ್ಟ ಚಿನ್ನ ಅಡವಿಟ್ಟು ಬರುತ್ತಾರೆ. ಇನ್ನು ಕೆಲವರು ಎಲ್ಲವನ್ನೂ ಬಿಟ್ಟು, ತವಕ್ಕುಲ್ ಎಂದು ಹೇಳಿ ಕೂತುಬಿಡುತ್ತಾರೆ. ಖಲೀಫಾ ಉಮರ್(ರ)ರು ಸಿರಿಯಾದ ಕಡೆ ಪಯಣಿಸುತ್ತಿದ್ದಾಗ ಅಲ್ಲಿ ಪ್ಲೇಗ್ ಹಬ್ಬಿದೆ ಎಂದು ತಿಳಿದು ಸರ್ಗ್ ಎಂಬಲ್ಲಿಂದ ಹಿಂದಿರುಗಲು ನಿಶ್ಚಯಿಸಿದರು. ಅಲ್ಲಾಹನ ವಿಧಿಯಿಂದ ಓಡುತ್ತಿದ್ದೀರಾ ಎಂದು ಅಬೂ ಉಬೈದಾ(ರ)ರು ಕೇಳಿದಾಗ, ಅಲ್ಲಾಹನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯ ಕಡೆಗೆ ಹೋಗುತ್ತಿರುವುದಾಗಿ ಉತ್ತರಿಸಿದರು. ಸಅದ್ ಬಿನ್ ಅಬೀ ವಕ್ಕಾಸ್(ರ)ರು ಕಾಯಿಲೆ ಬಿದ್ದಾಗ ಪ್ರವಾದಿ(ಸ)ಯವರು ಅವರನ್ನು ಹಾರಿಸ್ ಬಿನ್ ಕಲದಾ ಎಂಬ ವೈದ್ಯನಲ್ಲಿಗೆ ಹೋಗುವಂತೆ ಸೂಚಿಸಿದ್ದೂ ವರದಿಯಾಗಿದೆ. ದುಆ ಮಾಡುವ ಕೈಯೇ ಔಷಧದ ಚೀಟಿಯನ್ನೂ ಹಿಡಿಯಬೇಕು.

ಆದರೆ ದುಆ ಮಾಡುವಾಗಲೂ ಒಂದು ಕಷ್ಟವಿದೆ, ಅದನ್ನು ಮರೆಮಾಚುವುದಿಲ್ಲ. ಹೆಸರಿರುವ ಕಾಯಿಲೆಗೆ ಬೇಡುವುದು ಸುಲಭ. ನಾಥಾ, ನನ್ನ ಮಲೇರಿಯಾ ವಾಸಿಮಾಡು ಎನ್ನಬಹುದು. ಏನೆಂದು ತಿಳಿಯದ್ದಕ್ಕೆ ಏನೆಂದು ಬೇಡುವುದು? ಬಹಳ ದಿನ ನನ್ನ ಪ್ರಾರ್ಥನೆ ‘ಇದು ಏನೆಂದು ತಿಳಿಸು’ ಎಂದೇ ಇತ್ತು. ಈಗ ಅದು ಬೇರೆಯಾಗಿದೆ. ಅಲ್ಲಾಹನಿಗೆ ಅದರ ಹೆಸರು ಗೊತ್ತಿದೆ. ಚೀಟಿಯ ಮೇಲೆ ನಾನು ಬರೆದುಕೊಡಬೇಕಾಗಿಲ್ಲ. ಇಂದಿನ ಅಸರ್ ನಮಾಝಿನವರೆಗೆ ನಿಲ್ಲುವ ಬಲ ಕೊಡು ಎಂದಷ್ಟೇ ಕೇಳುತ್ತೇನೆ. ಕೆಲವು ದಿನ ಅದು ಸಿಗುತ್ತದೆ. ಸಿಗದ ದಿನ ಕುಳಿತು ನಮಾಝ್ ಮಾಡುತ್ತೇನೆ.

ರೋಗಿಯನ್ನು ಸಂದರ್ಶಿಸುವುದು ಒಬ್ಬ ಮುಸ್ಲಿಮನ ಮೇಲೆ ಇನ್ನೊಬ್ಬನಿಗಿರುವ ಹಕ್ಕುಗಳಲ್ಲಿ ಒಂದು. ಹೋದಾಗ ಏನು ಮಾತಾಡಬೇಕೆಂದು ತಿಳಿಯದೆ ನಾವು ಕಾರಣಗಳನ್ನು ಹುಡುಕುತ್ತೇವೆ. ಬೇಕಿಲ್ಲ. ಕಳೆದ ಮಳೆಗಾಲದಲ್ಲಿ ಗಂಟು ಉಬ್ಬಿ ನಾಲ್ಕು ದಿನ ನಾನು ಮಲಗಿದ್ದಾಗ ನಾಪೋಕ್ಲು ಕಡೆಯ ನಮ್ಮ ಒಬ್ಬ ವಯಸ್ಸಾದ ಕಾಕ ಕೊಡೆ ಮಡಚಿ ಜಗಲಿಗೆ ಬಂದು ಕುಳಿತರು. ಗಂಟು ತೋರಿಸು ಎನ್ನಲಿಲ್ಲ. ಏಕಾಯಿತು, ಯಾರಿಗೆ ತೋರಿಸಿದೆ ಎಂದೂ ಕೇಳಲಿಲ್ಲ. ನನ್ನ ಉಮ್ಮ ಕೊಟ್ಟ ಕರಿಕಾಫಿ ಕುಡಿದು, ಮಳೆಯ ಬಗ್ಗೆ, ಕರಿಮೆಣಸಿನ ಬಳ್ಳಿಗೆ ಹಿಡಿದ ಕೊಳೆಯ ಬಗ್ಗೆ ಸ್ವಲ್ಪ ಹೊತ್ತು ಮಾತಾಡಿದರು. ಆಮೇಲೆ, “ಮಧ್ಯಾಹ್ನದ ಮಕ್ಕಳು ಎಷ್ಟು ಮಂದಿ?” ಎಂದರು. ಇಪ್ಪತ್ತಮೂರು ಎಂದೆ. “ನನಗೆ ಅಲಿಫ್ ಬಾ ಹೇಳಿಕೊಡಲು ಬರುತ್ತದೆ, ಅದಕ್ಕಿಂತ ಮುಂದೆ ಬರುವುದಿಲ್ಲ. ಸಣ್ಣವರನ್ನು ನಾನು ಕೂರಿಸಿಕೊಳ್ಳುತ್ತೇನೆ. ದೊಡ್ಡವರಿಗೆ ಕಾಪಿ ಬರೆಯಲು ಏನು ಕೊಡಬೇಕು ಹೇಳು” ಎಂದು ಪುಸ್ತಕ ಕೇಳಿದರು. ಆ ವಾರವಿಡೀ ಮಧ್ಯಾಹ್ನ ಮದ್ರಸದ ಕಡೆಯಿಂದ ಮಕ್ಕಳ ಸ್ವರದ ಜೊತೆಗೆ ಅವರ ಒಡಕು ಸ್ವರವೂ ನಮ್ಮ ಮನೆಯವರೆಗೆ ಕೇಳುತ್ತಿತ್ತು.